ಕಂಪನಿಯ ಗುಟ್ಟು ಯಾರಿಗೆ ಗುಟ್ಟು?

ಚಿತ್ರರಂಗದಲ್ಲಿ ಈಗ 'ಪ್ರಾತಿನಿಧ್ಯ' ಎಂಬ ಶಬ್ದ ಬಹಳ ಓಡಾಡುತ್ತಿದೆ. ತೆರೆಯ ಮೇಲೆ ಎಲ್ಲ ಬಗೆಯ ಜನರೂ ಕಾಣಬೇಕು, ಬಿಳಿಯರಷ್ಟೇ ಅಲ್ಲ ಕರಿಯರೂ ಬರಬೇಕು, ಗಂಡಸರಷ್ಟೇ ಅಲ್ಲ ಹೆಂಗಸರೂ ಕಥೆಯ ನಡುವೆ ನಿಲ್ಲಬೇಕು ಎಂಬುದು ಆ ಬೇಡಿಕೆ. ಅಮೇರಿಕೆಯಲ್ಲಿ ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯು 2020ರಲ್ಲಿ ಇದಕ್ಕಾಗಿ ನಿಯಮಗಳನ್ನೇ ಸಾರಿತು. 2024ರ ಪ್ರಶಸ್ತಿಗಳಿಂದ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಅವು ಜಾರಿಗೆ ಬಂದವು. ಕಡೆಗಣಿತ ಜನಾಂಗದ ಒಬ್ಬರು ಮುಖ್ಯ ಪಾತ್ರದಲ್ಲಿರಬೇಕು, ಇಲ್ಲವೆ ಉಳಿದ ಸಣ್ಣ ಪಾತ್ರಗಳಲ್ಲಿ ನೂರಕ್ಕೆ 30ರಷ್ಟು ಕಡೆಗಣಿತ ವರ್ಗಗಳವರಿರಬೇಕು ಎಂಬಂಥ ಲೆಕ್ಕಗಳು ಅದರಲ್ಲಿವೆ. ಮಹಿಳೆಯರು, ಬಿಳಿಯರಲ್ಲದ ಜನಾಂಗದವರು, ಲಿಂಗತ್ವ ಅಲ್ಪಸಂಖ್ಯಾತರು, ಅಂಗವಿಕಲರು ಇವರೆಲ್ಲ ಆ ಯಾದಿಯಲ್ಲಿದ್ದಾರೆ. ಯಾದಿ ಒಳ್ಳೆಯದೇ. ಆದರೆ ಎಷ್ಟು ಸಲ ಓದಿದರೂ ಅದರಲ್ಲಿ ಒಂದು ಹೆಸರು ಸಿಗುವುದಿಲ್ಲ. ಕೈಯಿಂದ ದುಡಿದು ಉಣ್ಣುವವರ ಹೆಸರು ಅಲ್ಲಿಲ್ಲ.

ಬೇರೆ ಬಗೆಯ ಚಿತ್ರಗಳಲ್ಲಿ ಕೂಲಿಕಾರ ಕಾಣದಿದ್ದರೆ ಹೋಗಲಿ ಎನ್ನಬಹುದು. ರಾಜರ ಕಥೆಯಲ್ಲಿ ರಾಜ ಬರುತ್ತಾನೆ, ಪ್ರೇಮದ ಕಥೆಯಲ್ಲಿ ಪ್ರೇಮಿಗಳು ಬರುತ್ತಾರೆ. ಆದರೆ 'ಕಾರ್ಪೊರೇಟ್ ಥ್ರಿಲ್ಲರ್' ಎಂದು ಕರೆಯಲಾಗುವ ಚಿತ್ರಗಳುಂಟು. ಒಂದು ದೊಡ್ಡ ಕಂಪನಿ, ಅದರ ಹೊಟ್ಟೆಯಲ್ಲಿ ಒಂದು ಗುಟ್ಟು, ಅದನ್ನು ಮುಚ್ಚಿಡಲು ಹವಣಿಸುವ ಮಾಲಕರು, ರಟ್ಟು ಮಾಡಲು ಹೆಣಗುವ ಒಬ್ಬ ನಾಯಕ, ಇದು ಅವುಗಳ ಅಚ್ಚು. ಅಥಣಿ, ರಾಯಬಾಗದ ಹುಡುಗರು ಕೂಡ ಇವನ್ನು ಇಂದು ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತಾರೆ. ಕಂಪನಿಯ ಕಥೆಯಲ್ಲಿಯೇ ಕಂಪನಿಯಲ್ಲಿ ದುಡಿಯುವವರು ಕಾಣದೆ ಹೋದರೆ ಅದನ್ನು 'ಹೋಗಲಿ' ಎನ್ನಲು ಬರುವುದಿಲ್ಲ. ಕಂಪನಿಯೆಂದರೆ ನೂರರಲ್ಲಿ ತೊಂಬತ್ತು ಪಾಲು ಅವರೇ ಅಲ್ಲವೆ?

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಪ್ರಾತಿನಿಧ್ಯದ ಬೇಡಿಕೆಯನ್ನು ನಗೆಯಾಡಿ ತಳ್ಳುವವರ ಸಾಲಿನಲ್ಲಿ ಸಮಾಜವಾದಿಗಳು ನಿಲ್ಲುವವರಲ್ಲ. ಹಾಲಿವುಡ್ಡಿಗೆ ಈ ಬುದ್ಧಿ ಬರುವುದಕ್ಕಿಂತ ಅರ್ಧ ಶತಮಾನದಷ್ಟು ಮುಂಚೆಯೇ ಡಾ. ರಾಮಮನೋಹರ ಲೋಹಿಯಾ ಅವರು ಹೆಂಗಸರು, ಶೂದ್ರರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರೊಳಗಿನ ಹಿಂದುಳಿದವರು ಇವರೆಲ್ಲರಿಗೂ ಸೇರಿ ನೂರಕ್ಕೆ 60 ಸ್ಥಾನ ಮೀಸಲಿಡಬೇಕೆಂದು ವಾದಿಸಿದರು. ಯೋಗ್ಯತೆ ಬಂದ ಮೇಲೆ ಅವಕಾಶ ಎಂಬುದು ಮೇಲಿನವರ ನ್ಯಾಯ, ಅವಕಾಶ ಕೊಟ್ಟರೇ ಯೋಗ್ಯತೆ ಬೆಳೆಯುತ್ತದೆ ಎಂಬುದು ಅವರ ವಾದದ ತಿರುಳಾಗಿತ್ತು. ಆದ್ದರಿಂದ ಚಿತ್ರದಲ್ಲಿ ಹೆಂಗಸೊಬ್ಬಳು ಕಂಪನಿಯ ದೊಡ್ಡ ಕುರ್ಚಿಯಲ್ಲಿ ಕೂತರೆ ನಮಗೆ ಸಂತೋಷವೇ. ಅವಳು ಕೂತ ಮಾತ್ರಕ್ಕೆ ಕಥೆ ಬದಲಾಯಿತೆಂದು ಮಾತ್ರ ನಾವು ಒಪ್ಪಲಾರೆವು.

ಹಿಂದಿಯಲ್ಲಿ 2006ರಲ್ಲಿ ಮಧುರ ಭಂಡಾರಕರ ಅವರ 'ಕಾರ್ಪೊರೇಟ್' ಎಂಬ ಚಿತ್ರ ಬಂದಿತು. ಎರಡು ಕಂಪನಿಗಳ ಜಿದ್ದು, ತಂಪು ಪಾನೀಯದಲ್ಲಿ ಸಿಕ್ಕ ಕೀಟನಾಶಕ, ಕೊನೆಗೆ ಮಾಲಕರ ತಪ್ಪನ್ನು ತಲೆಯ ಮೇಲೆ ಹೊತ್ತು ಬಲಿಯಾಗುವ ಒಬ್ಬ ಮಹಿಳಾ ಅಧಿಕಾರಿ. ಆ ಪಾತ್ರವನ್ನು ಬಿಪಾಶಾ ಬಸು ಮಾಡಿದರು. ನಾಯಕಿ ಹೆಂಗಸು, ಬುದ್ಧಿವಂತೆ, ಗಂಡಸರ ಕೂಟದಲ್ಲಿ ತಲೆಯೆತ್ತಿ ನಡೆಯುವವಳು. ಪ್ರಾತಿನಿಧ್ಯದ ಲೆಕ್ಕದಲ್ಲಿ ಚಿತ್ರ ಪಾಸು. ಈಗ ಅದೇ ಧಂದೆಯಲ್ಲಿ ನಮ್ಮ ದೇಶದಲ್ಲಿ ನಿಜವಾಗಿ ನಡೆದುದನ್ನು ನೋಡಿರಿ. ಕೇರಳದ ಪಾಲಕ್ಕಾಡ ಜಿಲ್ಲೆಯ ಪ್ಲಾಚಿಮಡದಲ್ಲಿ ಕೋಕಾ-ಕೋಲಾ ಕಾರ್ಖಾನೆ ನೀರೆತ್ತತೊಡಗಿದ ಮೇಲೆ ಸುತ್ತಲಿನ ಬಾವಿಗಳು ಕೆಟ್ಟವು. 2002ರಲ್ಲಿ ಕಾರ್ಖಾನೆಯ ಎದುರು ಧರಣಿ ಕೂತವರಲ್ಲಿ ಆದಿವಾಸಿ ಹೆಂಗಸರೇ ಮುಂದಿದ್ದರು. ಮಯಿಲಮ್ಮ ಅವರ ಮುಂದಾಳು. 2004ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಪಾನೀಯದ ಕಂಪನಿಯನ್ನು ಮಣಿಸಿದ ಹೆಂಗಸು ನಿಜ ಜೀವನದಲ್ಲಿ ಒಂದು ಕೊಡ ನೀರಿಗಾಗಿ ಮೈಲುಗಟ್ಟಲೆ ನಡೆದವಳು. ತೆರೆಯ ಮೇಲೆ ಅವಳು ಗಾಜಿನ ಕಟ್ಟಡದ ಹತ್ತನೆಯ ಮಜಲಿನಲ್ಲಿ ಕೂಡ್ರುವವಳು. ಇಬ್ಬರೂ ಹೆಂಗಸರೇ. ಆದರೆ ಒಬ್ಬಳು ಕಾಣುವುದಕ್ಕಾಗಿ ಇನ್ನೊಬ್ಬಳು ಮರೆಯಾದರೆ ಅದು ಯಾರ ಪ್ರಾತಿನಿಧ್ಯ?

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ತಂಬಾಕಿನದು. 1999ರಲ್ಲಿ ಮೈಕೆಲ್ ಮ್ಯಾನ್ ಎಂಬ ನಿರ್ದೇಶಕರು 'ದಿ ಇನ್‌ಸೈಡರ್' ಎಂಬ ಚಿತ್ರ ತೆಗೆದರು. ಈ ಜಾತಿಯ ಚಿತ್ರಗಳಲ್ಲಿ ಅದು ಬಹಳ ಮೇಲ್ದರ್ಜೆಯದು, ಅದರಲ್ಲಿ ಸಂಶಯವಿಲ್ಲ. ಅಮೇರಿಕೆಯ ಬ್ರೌನ್ ಅಂಡ್ ವಿಲಿಯಮ್‌ಸನ್ ಎಂಬ ಸಿಗರೇಟು ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಜೆಫ್ರಿ ವಿಗಾಂಡ್ ಅವರ ನಿಜ ಕಥೆ ಅದು. 1994ರಲ್ಲಿ ಏಳು ತಂಬಾಕು ಕಂಪನಿಗಳ ಧಣಿಗಳು ಅಮೇರಿಕೆಯ ಸಂಸತ್ತಿನ ಮುಂದೆ ಕೈಯೆತ್ತಿ, ನಿಕೋಟಿನ್ ಚಟ ಹಿಡಿಸುವ ವಸ್ತುವೆಂದು ತಾವು ನಂಬುವುದಿಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದರು. ಅದು ಸುಳ್ಳೆಂಬುದು ಕಂಪನಿಯೊಳಗಿನ ವಿಜ್ಞಾನಿಗೆ ಗೊತ್ತು. ಅವನ ಬಾಯಿ ಕಟ್ಟಲು ಕಂಪನಿ ಕರಾರುಪತ್ರ, ವಕೀಲರು, ಬೆದರಿಕೆ ಎಲ್ಲವನ್ನೂ ಬಳಸುತ್ತದೆ. ಸಿ.ಬಿ.ಎಸ್. ದೂರದರ್ಶನ ಕೂಡ ಅವನ ಸಂದರ್ಶನವನ್ನು ಮೊದಲು ತಡೆಹಿಡಿದು, 1996ರಲ್ಲಿ ಪ್ರಸಾರ ಮಾಡುತ್ತದೆ. ನೋಡುವವನು ಉಸಿರು ಬಿಗಿ ಹಿಡಿದು ಎರಡೂವರೆ ತಾಸು ಕೂಡ್ರುತ್ತಾನೆ.

ಆ ಎರಡೂವರೆ ತಾಸಿನಲ್ಲಿ ತಂಬಾಕು ಬೆಳೆಯುವವನ ಕಥೆ ಇಲ್ಲ. ಅದನ್ನು ಕೊಯ್ದು, ಒಣಗಿಸಿ, ಸೋಸುವವರ ಕಥೆ ಇಲ್ಲ. ವಿಜ್ಞಾನಿ ಇದ್ದಾನೆ, ಪತ್ರಕರ್ತನಿದ್ದಾನೆ, ವಕೀಲರಿದ್ದಾರೆ. ತಂಬಾಕು ಮನುಷ್ಯನ ಮೈಗೆ ಏನು ಮಾಡುತ್ತದೆಂಬುದು ಪ್ರಯೋಗಶಾಲೆಯ ಬೀಗ ಹಾಕಿದ ಕಪಾಟಿನಲ್ಲಿದೆ, ಅದನ್ನು ಹೊರತರಲು ಪಿ.ಎಚ್.ಡಿ. ಮಾಡಿದ ಮನುಷ್ಯ ತನ್ನ ಮನೆಮಾರು ಒತ್ತೆಯಿಡಬೇಕಾಯಿತು ಎಂಬಂತೆ ಕಥೆ ಸಾಗುತ್ತದೆ. ವಿಗಾಂಡ್ ಅವರ ಧೈರ್ಯ ಸಣ್ಣದಲ್ಲ. ಆದರೆ ನಿಪ್ಪಾಣಿಯವನಿಗೆ ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ತಂಬಾಕಿನ ಧೂಳು ಮೈಗೆ ಏನು ಮಾಡುತ್ತದೆಂಬುದು ಯಾರಿಗೆ ಗುಟ್ಟಾಗಿತ್ತು?

ನಿಪ್ಪಾಣಿಯ ವಖಾರಗಳಲ್ಲಿ ಬೀಡಿ ತಂಬಾಕನ್ನು ಕುಟ್ಟುವ, ಸೋಸುವ, ಹಸನು ಮಾಡುವ ಕೆಲಸ ತಲೆತಲಾಂತರದಿಂದ ಹೆಂಗಸರದು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ದಿನವಿಡೀ ಆ ಘಾಟಿನಲ್ಲಿ ಕೂತವಳಿಗೆ ಕೆಮ್ಮು, ತಲೆಸುತ್ತು, ಕಣ್ಣುರಿ ಯಾವ ವರದಿಯಿಂದಲೂ ತಿಳಿಯಬೇಕಾದವಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ತೂಕದಲ್ಲಿ ಎಷ್ಟು ಹೋಗುತ್ತದೆ, ಮಜೂರಿಯಲ್ಲಿ ಎಷ್ಟು ಕಡಿಯುತ್ತಾರೆ, ಹಾಜರಿ ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ, ಮುಕಾದಮನ ಬಾಯಿ ಹೇಗೆ, ಕೈ ಹೇಗೆ, ಇದಾವುದೂ ಅವಳಿಗೆ ಗುಟ್ಟಲ್ಲ. ಅವಳ ನೆರೆಯವಳಿಗೂ ಗುಟ್ಟಲ್ಲ. ಇಡೀ ಓಣಿಗೆ ಗೊತ್ತು. ಹಾಗಾದರೆ ಇದು ಗುಟ್ಟಾಗಿರುವುದು ಯಾರಿಗೆ? ಅವಳನ್ನು ಎಂದೂ ಕೇಳದವರಿಗೆ.

ಕಾರ್ಪೊರೇಟ್ ಥ್ರಿಲ್ಲರಿನ ಅಡಿಪಾಯವೇ ಇಲ್ಲಿದೆ. ದುಡಿಯುವವನು ತಿಳಿದವನಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಕಂಪನಿಯ ಪಾಪ 'ರಹಸ್ಯ'ವಾಗುತ್ತದೆ. ಅವನ ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಅರ್ಧಕ್ಕರ್ಧ ರಹಸ್ಯಗಳು ಮೊದಲನೆಯ ಹತ್ತು ನಿಮಿಷದಲ್ಲೇ ಬಯಲಾಗುತ್ತವೆ. ಆಗ ಕಥೆಯ ಪ್ರಶ್ನೆಯೇ ಬೇರೆಯಾಗುತ್ತದೆ. 'ಗುಟ್ಟೇನು?' ಎಂಬುದರ ಬದಲು 'ಗೊತ್ತಿದ್ದವರ ಮಾತು ಯಾಕೆ ನಡೆಯುವುದಿಲ್ಲ?' ಎಂದು ಕೇಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆ ಧಣಿಗಳಿಗೆ ಹಿಡಿಸುವುದಿಲ್ಲ. ಚಿತ್ರಕ್ಕೆ ಹಣ ಹೂಡುವವರಿಗೂ ಹಿಡಿಸುವುದಿಲ್ಲ, ಏಕೆಂದರೆ ಚಿತ್ರ ತೆಗೆಯುವುದೂ ಒಂದು ಕಂಪನಿಯೇ. ಒಬ್ಬ ಕೆಟ್ಟ ಮಾಲಕನನ್ನು ತೋರಿಸಿ ಒಬ್ಬ ಒಳ್ಳೆಯ ಅಧಿಕಾರಿಯಿಂದ ಅವನನ್ನು ಸೋಲಿಸಿದರೆ ನೋಡಿದವನು ಹಗುರಾಗಿ ಮನೆಗೆ ಹೋಗುತ್ತಾನೆ. ಸಾವಿರ ಜನಕ್ಕೆ ಗೊತ್ತಿದ್ದೂ ಒಬ್ಬನ ಮಾತೂ ನಡೆಯದ ಪದ್ಧತಿಯನ್ನು ತೋರಿಸಿದರೆ ಅವನು ಭಾರವಾಗಿ ಹೋಗುತ್ತಾನೆ, ಮರುದಿನ ಸಂಘದ ಕಚೇರಿಗೆ ಬಂದರೂ ಬಂದಾನು.

'ಇದೆಲ್ಲ ಹೇಳುವುದಕ್ಕೆ ಚೆಂದ, ಕೂಲಿಕಾರರನ್ನು ಇಟ್ಟುಕೊಂಡು ಥ್ರಿಲ್ಲರ್ ತೆಗೆಯಲು ಬರುತ್ತದೆಯೇ, ಯಾರು ನೋಡುತ್ತಾರೆ?' ಎಂದು ಕೇಳುವವರಿದ್ದಾರೆ. ಬರುತ್ತದೆ. 1983ರಲ್ಲಿ ಬಂದ 'ಸಿಲ್ಕ್‌ವುಡ್' ಚಿತ್ರವನ್ನು ನೋಡಿರಿ. ಓಕ್ಲಹೋಮಾದ ಕೆರ್-ಮೆಗಿ ಕಂಪನಿಯ ಪ್ಲುಟೋನಿಯಂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕೆರೆನ್ ಸಿಲ್ಕ್‌ವುಡ್ ಎಂಬವಳ ನಿಜ ಕಥೆ ಅದು. ಅವಳು ಅಧಿಕಾರಿಯಲ್ಲ, ಕೈಗವಸು ತೊಟ್ಟು ಕೆಲಸ ಮಾಡುವವಳು, ಕಾರ್ಮಿಕ ಸಂಘದವಳು. ಕಾರ್ಖಾನೆಯಲ್ಲಿ ಸುರಕ್ಷತೆ ಇಲ್ಲವೆಂಬುದಕ್ಕೆ ತಾನೇ ಪುರಾವೆ ಕೂಡಿಸಿ 1974ರಲ್ಲಿ ಪತ್ರಕರ್ತನೊಬ್ಬನನ್ನು ಕಾಣಲು ಹೊರಟಾಗ ದಾರಿಯಲ್ಲಿ ಮೋಟಾರು ಅಪಘಾತದಲ್ಲಿ ಸತ್ತಳು. ಮೆರಿಲ್ ಸ್ಟ್ರೀಪ್ ಆ ಪಾತ್ರ ಮಾಡಿದರು. ಅಲ್ಲಿ ಗುಟ್ಟು ತಿಳಿದವಳೂ ಕೆಲಸದವಳೇ, ಅದನ್ನು ಹೊರತರಲು ಹೊರಟವಳೂ ಕೆಲಸದವಳೇ. ಚಿತ್ರದ ಬಿಗಿ ಒಂದು ಎಳೆಯೂ ಸಡಿಲಾಗಲಿಲ್ಲ. ಕೊರತೆ ಇರುವುದು ಚಿತ್ರ ತೆಗೆಯುವವರ ದೃಷ್ಟಿಯಲ್ಲಿ, ಕೂಲಿಕಾರರ ಬದುಕಿನಲ್ಲಲ್ಲ.

ಅಮೇರಿಕೆಯವರೆಗೆ ಹೋಗಬೇಕಾಗಿಯೂ ಇಲ್ಲ. ಗಡಿಭಾಗದ ನಾವು ಕನ್ನಡ, ಮರಾಠಿ ಎರಡೂ ಚಿತ್ರಗಳನ್ನು ನೋಡಿ ಬೆಳೆದವರು. 1974ರ 'ಸಾಮನಾ' ಎಂಬ ಮರಾಠಿ ಚಿತ್ರವನ್ನು ನಮ್ಮ ಹಿರಿಯರು ನೆನೆಯುತ್ತಾರೆ. ವಿಜಯ ತೆಂಡೂಲಕರ ಬರೆದು ಜಬ್ಬಾರ ಪಟೇಲ ನಿರ್ದೇಶಿಸಿದ ಆ ಚಿತ್ರ 1975ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೂ ಹೋಗಿತ್ತು. ಸಕ್ಕರೆ ಕಾರ್ಖಾನೆಯ ಬಲದಿಂದ ಇಡೀ ಊರನ್ನೇ ಅಂಗೈಯಲ್ಲಿಟ್ಟುಕೊಂಡ ಹಿಂದುರಾವ ಪಾಟೀಲನಾಗಿ ನಿಳು ಫುಲೆ, ಆ ಊರಿಗೆ ಬಂದು ಸೇರುವ ಕುಡುಕ ಮಾಸ್ತರನಾಗಿ ಡಾ. ಶ್ರೀರಾಮ ಲಾಗೂ. ಊರಿನಿಂದ ಕಾಣೆಯಾದ ಮಾರುತಿ ಕಾಂಬಳೆ ಎಂಬ ಮಾಜಿ ಸೈನಿಕ ಎಲ್ಲಿ ಹೋದನೆಂದು ಮಾಸ್ತರ ಮತ್ತೆ ಮತ್ತೆ ಕೇಳುತ್ತಾನೆ. ಆ ಒಂದೇ ಪ್ರಶ್ನೆಯಿಂದ ಸಕ್ಕರೆಯ ಸಾಮ್ರಾಜ್ಯ ಅಲುಗಾಡುತ್ತದೆ. ಗಾಜಿನ ಕಟ್ಟಡವಿಲ್ಲದೆ, ಕೋಟು-ಟೈಗಳಿಲ್ಲದೆ ನಮ್ಮ ಸೀಮೆಯ ಕಬ್ಬಿನ ಗದ್ದೆಯಲ್ಲಿಯೇ ಕಾರ್ಪೊರೇಟ್ ಥ್ರಿಲ್ಲರ್ ಹುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಚಿತ್ರದ ಮೇಲೆ ನಮಗಿರುವ ಗೌರವವನ್ನು ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ಅಲ್ಲಿ ಪ್ರಶ್ನೆ ಕೇಳುವವನು ಮಾಸ್ತರ. ಕಾಂಬಳೆ ಸತ್ತವನು, ಹಿಂದಿನ ನೆನಪಾಗಿಯಷ್ಟೇ ಬರುವವನು. ಕಾಂಬಳೆ ಎಂಬ ಅಡ್ಡಹೆಸರು ಯಾವ ಕೇರಿಯದೆಂದು ಚಿಕ್ಕೋಡಿ, ರಾಯಬಾಗದ ವಾಚಕರಿಗೆ ವಿವರಿಸಬೇಕಾಗಿಲ್ಲ. ಸಾಯಲು ಕೇರಿಯವನು, ಕೇಳಲು ಮಾಸ್ತರ. ಈ ಹಂಚಿಕೆಯೂ ಒಂದು ಬಗೆಯ ಪ್ರಾತಿನಿಧ್ಯವೇ, ಆದರೆ ಅರ್ಧ ಪ್ರಾತಿನಿಧ್ಯ. ಈ ಲೇಖಕನೂ ಕೆಲವು ವರ್ಷ ಸಾಲಿಯಲ್ಲಿ ಖಡು ಹಿಡಿದವನು. ಮಾಸ್ತರರು ಪ್ರಶ್ನೆ ಕೇಳಬಾರದೆಂದು ಹೇಳುವವನಲ್ಲ. ಆದರೆ ಕಾಂಬಳೆಯ ಹೆಂಡತಿ, ಅಣ್ಣ, ನೆರೆಹೊರೆಯವರು ಅದೇ ಪ್ರಶ್ನೆಯನ್ನು ಮಾಸ್ತರ ಬರುವ ಮುಂಚೆಯೇ ಎಷ್ಟು ಸಲ ಕೇಳಿರಬೇಕು! ಅವರು ಕೇಳಿದಾಗ ಅದು ಗೋಳಾಟ, ಮಾಸ್ತರ ಕೇಳಿದಾಗ ಅದು ಕಥೆ. ಈ ಭೇದ ಅಳಿಯಬೇಕು.

ಕೃಷ್ಣೆ, ದೂಧಗಂಗೆ, ವೇದಗಂಗೆಯ ಈ ಸೀಮೆಯಲ್ಲಿ ಇಂದು ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣದ ದಿಕ್ಕಿಲ್ಲ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಷ್ಟು ಹಿಂದೆಯೇ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಬಳಿಕ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗಗಳಲ್ಲಿ ಸಹಕಾರಿ ಕಾರ್ಖಾನೆಗಳು ಎದ್ದವು. ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆಯೆಂದರೆ ಶಾಸನಸಭೆಯ ಚುನಾವಣೆಗಿಂತ ಕಡಿಮೆಯದಲ್ಲ. ಬಾಕಿ ಬಿಲ್ಲು, ತೂಕದ ಕಾಟಾ, ಇಳುವರಿಯ ಲೆಕ್ಕ, ಪ್ರತಿಯೊಂದರಲ್ಲೂ ಒಂದೊಂದು ಚಿತ್ರಕ್ಕಾಗುವಷ್ಟು ಕಥೆಯಿದೆ. ಇನ್ನು ಕಬ್ಬು ಕಡಿಯುವ ಗ್ಯಾಂಗಿನವರನ್ನು ನೋಡಿರಿ. ಗಂಡ-ಹೆಂಡತಿ ಇಬ್ಬರೂ ಕೂಡಿ 'ಒಂದು ಕೋಯ್ತಾ'. ಕಡಿಯುವ ಕೈ ನಾಲ್ಕು, ಲೆಕ್ಕದ ಪುಸ್ತಕದಲ್ಲಿ ಕುಡುಗೋಲು ಒಂದೇ. ಉಚಲ ಕೊಡುವಾಗ ಹೆಸರು ಗಂಡನದು. ಹೆಂಡತಿಗೆ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ. ಲೆಕ್ಕದ ಪುಸ್ತಕದಲ್ಲಿ ಇಲ್ಲದವಳು ಚಿತ್ರದ ಪಾತ್ರವರ್ಗದಲ್ಲಿ ಹೇಗೆ ಬಂದಾಳು? ತೆರೆಯ ಮೇಲಿನ ಕತ್ತಲೆ ಶುರುವಾಗುವುದು ಆ ಪುಸ್ತಕದಿಂದಲೇ.

ಇತ್ತೀಚಿನ ಇನ್ನೊಂದು ಪ್ರಸಂಗ ನಮ್ಮ ಚಪ್ಪಲಿಯದು. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ರಾಯಬಾಗದ ಕೇರಿಗಳಲ್ಲಿ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ನಾಲ್ಕು ಜಿಲ್ಲೆಗಳೂ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ತೋರಿಸಿತು, ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವಾದ ಮೇಲೆ ಮೂಲ ಭಾರತದ್ದೆಂದು ಒಪ್ಪಿತು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ, ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆಗೆ ಒಪ್ಪಂದವೂ ಆಯಿತು. ಜೋಡಿಗೆ ಸುಮಾರು 800 ಯೂರೋ, ಅಂದರೆ 80,000 ರೂಪಾಯಿಗೂ ಮೇಲೆ ಬೆಲೆಯೆಂದು ಪತ್ರಿಕೆಗಳು ಬರೆದವು.

ನಾಳೆ ಈ ಪ್ರಸಂಗದ ಮೇಲೆ ಒಂದು ಥ್ರಿಲ್ಲರ್ ಬಂದರೆ ಆಶ್ಚರ್ಯವಿಲ್ಲ. ಅದರ ನಾಯಕ ಯಾರಾದಾನು? ಮುಂಬಯಿಯ ವಕೀಲ, ಇಲ್ಲವೆ ಮಿಲಾನಿನ ಕಂಪನಿಯಲ್ಲಿ ನೌಕರಿ ಮಾಡುವ, ಒಳಮನಸ್ಸು ಚುಚ್ಚುವ ಭಾರತೀಯ ಯುವತಿ. ಪ್ರಾತಿನಿಧ್ಯದ ನಿಯಮಕ್ಕೆ ಅವಳು ಸರಿಹೊಂದುತ್ತಾಳೆ. ಅಥಣಿಯಲ್ಲಿ ಚರ್ಮದ ಎಳೆ ಹೆಣೆಯುವ ಹೆಂಗಸು ಎರಡು ನಿಮಿಷ ಬಂದು ಕಣ್ಣೀರು ಒರೆಸಿಕೊಂಡು ಹೋಗುತ್ತಾಳೆ. ಆದರೆ ಆ ಚಪ್ಪಲಿ ಯಾರದೆಂಬ ಮೊಕದ್ದಮೆಯಲ್ಲಿ ಮೊದಲನೆಯ ಸಾಕ್ಷಿ ಅವಳೇ. ಯಾವ ಹೊಲಿಗೆ ಯಾವ ಊರಿನದು, ಯಾವ ಹದ ಯಾವ ಮನೆಯದು ಎಂಬುದು ಅವಳ ಬೆರಳಿಗೆ ಗೊತ್ತು. ಅವಳನ್ನು ಸಾಕ್ಷಿಯಾಗಿ ಕರೆಯುವ ಬದಲು ಅಳುವುದಕ್ಕೆ ಮಾತ್ರ ಕರೆಯುವುದಾದರೆ, ಅವಳ ಜಾತಿಯನ್ನೂ ಹೆಣ್ತನವನ್ನೂ ಎಣಿಕೆಗೆ ಹಿಡಿದು ನೂರಕ್ಕೆ 30ರ ಲೆಕ್ಕ ತುಂಬಿಸುವುದು ಬರೀ ಹಾಜರಿ ಪಟ್ಟಿಯ ಕೆಲಸ.

ಹಾಗಾದರೆ ಸರಿಯಾದ ದಾರಿ ಯಾವುದು ಎಂದು ಕೇಳಬಹುದು. ಆ ದಾರಿಯನ್ನು ನಮ್ಮ ನಿಪ್ಪಾಣಿಯೇ ನಾಲ್ವತ್ತು ವರ್ಷಗಳ ಹಿಂದೆ ತೋರಿಸಿಕೊಟ್ಟಿದೆ. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ಇದನ್ನು ಹೆಚ್ಚಾಗಿ ಮರೆತವರೂ ನಾವೇ. 1981ರಲ್ಲಿ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 6ರಂದು ಪೋಲೀಸರ ಗೋಳಿಬಾರಿಗೆ ರೈತರು ಪ್ರಾಣ ತೆತ್ತರು. ಆ ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಅದೇ ಕಾಲದಲ್ಲಿ ಅದೇ ಊರಿನ ವಖಾರಗಳೊಳಗಿನ ಹೆಂಗಸರೂ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸಂಘ ಕಟ್ಟಿಕೊಂಡು ಮಜೂರಿಗಾಗಿ, ಮಾನಕ್ಕಾಗಿ ಎದ್ದು ನಿಂತಿದ್ದರು. ಆ ಸುದ್ದಿ ಅಷ್ಟು ದೂರ ಮುಟ್ಟಲಿಲ್ಲ.

ಅದನ್ನು ಮುಟ್ಟಿಸಲು ಬಂದದ್ದು 'ಯುಗಾಂತರ' ಎಂಬ ಚಿತ್ರ ಬಳಗ. ದೀಪಾ ಧನರಾಜ, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಇವರು ಅದರಲ್ಲಿದ್ದರು. 1981ರಲ್ಲಿ ಪುಣೆಯ ಮನೆಗೆಲಸದವರ ಮೇಲೆ ಚಿತ್ರ ತೆಗೆದಿದ್ದ ಈ ಬಳಗ 1982ರಲ್ಲಿ ನಿಪ್ಪಾಣಿಯ ಹೆಂಗಸರ ಮೇಲೆ 'ತಂಬಾಖೂ ಚಾಕೀಲಾ ಊಬ ಆಲೀ' ಎಂಬ ಚಿತ್ರ ತೆಗೆಯಿತು. ತಂಬಾಕಿನ ಕೆಂಡ ಎಂಬ ಅರ್ಥದ ಇಂಗ್ಲಿಷ್ ಹೆಸರೂ ಅದಕ್ಕಿದೆ. ಅರ್ಧ ತಾಸಿನೊಳಗಿನ ಚಿತ್ರ. ಅದನ್ನು ತೆಗೆದ ರೀತಿ ನೋಡಿರಿ. ಬಂದವರು ಕ್ಯಾಮರಾ ತಿರುಗಿಸಿ ಮರುದಿನದ ಗಾಡಿ ಹತ್ತಲಿಲ್ಲ. ತಿಂಗಳುಗಟ್ಟಲೆ ಹೆಂಗಸರ ಜೊತೆಗಿದ್ದು ಅವರ ಮಾತು ಕೇಳಿದರು. ಏನು ತೋರಿಸಬೇಕೆಂಬುದನ್ನು ಅವರೊಡನೆ ಕೂತು ನಿಶ್ಚಯಿಸಿದರು. ಕಾರ್ಖಾನೆಯ ಒಳಹೊಕ್ಕು ಚಿತ್ರ ಹಿಡಿದರು. ಸಂಘ ಕಟ್ಟಿದ ಕಥೆಯನ್ನು ಆ ಹೆಂಗಸರೇ ಹೇಳಿದರು, ಕ್ಯಾಮರಾದ ಮುಂದೆ ತಾವೇ ಮತ್ತೆ ನಡೆಸಿ ತೋರಿಸಿದರು.

ಅಲ್ಲಿ ಗುಟ್ಟು ಒಡೆಯುವ ವಿಜ್ಞಾನಿ ಇಲ್ಲ, ಒಂಟಿ ನಾಯಕನೂ ಇಲ್ಲ. ತಿಳಿದವರು ಬಹುಮಂದಿ, ಆ ತಿಳಿವಳಿಕೆ ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿ ಮುಷ್ಕರವಾಗುತ್ತದೆ. ಮಾಲಕನಿಗೆ ಹೆದರಿ ವರ್ಷಗಟ್ಟಲೆ ತಲೆತಗ್ಗಿಸಿದವಳು ನಾಳೆ ಬೆಳಿಗ್ಗೆ ವಖಾರದ ಬಾಗಿಲೊಳಗೆ ಹೋಗುತ್ತಾಳೋ ಹೊರಗೆ ನಿಲ್ಲುತ್ತಾಳೋ ಎಂಬುದಕ್ಕಿಂತ ದೊಡ್ಡ ಥ್ರಿಲ್ಲರ್ ಯಾವುದಿದೆ? ಒಳಗೆ ಹೋದರೆ ಸಂಘ ಮುರಿಯಿತು, ಹೊರಗೆ ನಿಂತರೆ ಸಂಜೆಯ ರೊಟ್ಟಿ ಹೋಯಿತು. ಮೋಟಾರಿನ ಬೆನ್ನುಹತ್ತುವ ದೃಶ್ಯಗಳಲ್ಲಿ ನಾಯಕ ಉಳಿದೇ ಉಳಿಯುತ್ತಾನೆಂದು ನಮಗೆ ಮೊದಲೇ ಗೊತ್ತು. ಇಲ್ಲಿ ಏನಾದೀತೆಂಬುದು ಯಾರಿಗೂ ಗೊತ್ತಿರುವುದಿಲ್ಲ.

ಈ ಚಿತ್ರವನ್ನು ಬರ್ಲಿನ್ನಿನ ಆರ್ಸೆನಲ್ ಎಂಬ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದು ಜೋಪಾನ ಮಾಡಿದೆ. 'ಸಾಮನಾ' ನೋಡಿದ ಬರ್ಲಿನ್ನಿನವರು ನಿಪ್ಪಾಣಿಯ ಹೆಂಗಸರನ್ನೂ ನೋಡಿದರು. ನಿಪ್ಪಾಣಿಯಲ್ಲಿ, ಚಿಕ್ಕೋಡಿಯಲ್ಲಿ ಎಷ್ಟು ಮಂದಿ ನೋಡಿದ್ದಾರೆ? ನಿಮ್ಮ ನಿಮ್ಮ ಓಣಿಯಲ್ಲಿ ಕೇಳಿ ನೋಡಿರಿ. ಅಜ್ಜಿ ಆ ಮುಷ್ಕರದಲ್ಲಿದ್ದರೂ ಮೊಮ್ಮಗಳಿಗೆ ಚಿತ್ರದ ಹೆಸರು ಗೊತ್ತಿಲ್ಲ.

ಇದಕ್ಕೆ ಒಂದು ಕಾರಣ ಭಾಷೆಯ ಜಗಳ. ಚಿತ್ರದ ಹೆಸರು ಮರಾಠಿ ಎಂದ ಕೂಡಲೆ ಕನ್ನಡದವರು ತಮ್ಮದಲ್ಲವೆಂದರು. ಊರು ಕರ್ನಾಟಕದಲ್ಲಿದೆ ಎಂದ ಕೂಡಲೆ ಆ ಕಡೆಯವರಿಗೂ ಅದು ತಮ್ಮದಾಗಲಿಲ್ಲ. ಗಡಿ ಯಾರದೆಂದು ಎಪ್ಪತ್ತು ವರ್ಷದಿಂದ ಹೊಡೆದಾಡುವವರಿಗೆ ಗಡಿಯಲ್ಲಿ ಬದುಕುವವರು ಯಾರವರೂ ಆಗಲಿಲ್ಲ. ತಂಬಾಕಿನ ಘಾಟಿಗೆ ಭಾಷೆಯಿಲ್ಲ. ಮರಾಠಿ ಆಡುವ ಬಾಯಿಗೂ, ಕನ್ನಡ ಆಡುವ ಅಕ್ಕನಿಗೂ, ಉರ್ದು ಆಡುವ ಆಪಾಗೂ ಅದು ಒಂದೇ ಕೆಮ್ಮು ಕೊಡುತ್ತದೆ. ಕರ್ನಾಟಕದ ನೆಲದಲ್ಲಿ ದುಡಿದ ಹೆಂಗಸರು ಯಾವ ಭಾಷೆಯಲ್ಲಿ ಮಾತಾಡಿದರೂ ಅವರು ಕರ್ನಾಟಕದ ಕಾರ್ಮಿಕರು, ಅವರ ಕಥೆ ನಮ್ಮ ಕಥೆ. ಕನ್ನಡ ಚಿತ್ರದ ಪ್ರಾತಿನಿಧ್ಯದ ಬಗೆಗೆ ಬೆಂಗಳೂರಿನಲ್ಲಿ ಚರ್ಚೆ ಮಾಡುವವರು ಇದನ್ನು ಮರೆಯಬಾರದು.

ಇನ್ನೊಂದು ಸಂಗತಿಯನ್ನೂ ವಾಚಕರ ಗಮನಕ್ಕೆ ತರಬೇಕು. ಕೇಂದ್ರ ಸರಕಾರದ ಕಾರ್ಮಿಕ ಇಲಾಖೆಯು 1976ರ ಕಾಯಿದೆಯಂತೆ ಬೀಡಿ ಕಾರ್ಮಿಕರಿಗೆ ಒಂದು ಕಲ್ಯಾಣ ನಿಧಿಯನ್ನೂ, 1981ರ ಕಾಯಿದೆಯಂತೆ ಸಿನೆಮಾ ಕಾರ್ಮಿಕರಿಗೆ ಇನ್ನೊಂದು ನಿಧಿಯನ್ನೂ ಮಾಡಿತು. ಎರಡನ್ನೂ ನೋಡಿಕೊಳ್ಳುವುದು ಒಂದೇ ಕಲ್ಯಾಣ ಸಂಘಟನೆ. ಸರಕಾರದ ಕಡತದಲ್ಲಿ ಬೀಡಿ ಕಟ್ಟುವವಳೂ, ಚಿತ್ರೀಕರಣದಲ್ಲಿ ದೀಪ ಹೊರುವವನೂ ಒಂದೇ ಬೆಂಚಿನವರು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಬೀಡಿಯ ಮೇಲಿನ ಕಲ್ಯಾಣ ಕರ ರದ್ದಾಯಿತು, ನಿಧಿಯ ಬೇರೇ ಒಣಗಿತು. ಆಗ ಚಿತ್ರರಂಗದ ದೊಡ್ಡವರು ಯಾರಾದರೂ ಬಾಯಿ ಬಿಟ್ಟರೆ? ದೀಪ ಹೊರುವವನಿಗೂ ಬೀಡಿಯವಳಿಗೂ ಸಂಬಂಧವಿದೆ ಎಂಬುದು ಕಡತ ಬರೆದ ಗುಮಾಸ್ತನಿಗೆ ತಿಳಿದಷ್ಟು ನಮ್ಮ ನಿರ್ಮಾಪಕರಿಗೆ ತಿಳಿದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡೋಣ. ಮೊದಲನೆಯದಾಗಿ, ಕರ್ನಾಟಕ ಚಲನಚಿತ್ರ ಅಕಾಡೆಮಿಯು ನಿಪ್ಪಾಣಿಯ ಈ ಚಿತ್ರದ ಪ್ರತಿಯನ್ನು ತರಿಸಿ, ಕನ್ನಡದ ಅಡಿಬರಹ ಕೂಡಿಸಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಪುಕ್ಕಟೆಯಾಗಿ ತೋರಿಸಬೇಕು. ಎರಡನೆಯದಾಗಿ, ಆ ಮುಷ್ಕರದಲ್ಲಿದ್ದ ತಾಯಂದಿರು ಇನ್ನೂ ಇರುವಾಗಲೇ ಅವರ ಮಾತನ್ನು ಅವರವರ ಭಾಷೆಯಲ್ಲಿ ಬರೆದಿಡಬೇಕು, ಧ್ವನಿಮುದ್ರಿಸಬೇಕು. ಈ ಕೆಲಸಕ್ಕೆ ಸರಕಾರವನ್ನು ಕಾಯಬೇಕಾಗಿಲ್ಲ. ಸಾಲಿಯ ಮಾಸ್ತರರು, ಕಾಲೇಜಿನ ವಿದ್ಯಾರ್ಥಿಗಳು ಇಂದೇ ಶುರು ಮಾಡಬಹುದು. ಮೊಬೈಲು ಎಲ್ಲರ ಕಿಸೆಯಲ್ಲೂ ಇದೆ. ಮೂರನೆಯದಾಗಿ, ಸರಕಾರದ ಸಹಾಯಧನ ಪಡೆಯುವ ಚಿತ್ರವು ಒಂದು ಉದ್ಯೋಗವನ್ನು ಕುರಿತದ್ದಾಗಿದ್ದರೆ, ಆ ಉದ್ಯೋಗದ ಕೆಲಸಗಾರರೊಡನೆ ಕೂತು ಕಥೆ ಕಟ್ಟಲಾಗಿದೆಯೇ ಎಂಬುದನ್ನೂ ಆಯ್ಕೆಯವರು ವಿಚಾರಿಸಬೇಕು. ಸಲಹೆ ಕೊಟ್ಟ ವಕೀಲನಿಗೆ, ವೈದ್ಯನಿಗೆ ಹಣ ಸಲ್ಲುತ್ತದೆ, ತೆರೆಯ ಮೇಲೆ ಹೆಸರು ಬರುತ್ತದೆ. ವಖಾರದ ಹೆಂಗಸಿನ ಸಲಹೆಗೂ ಹಣ ಸಲ್ಲಲಿ, ಹೆಸರು ಬರಲಿ.

ಕುರ್ಚಿಯಲ್ಲಿ ಯಾರು ಕೂಡ್ರಬೇಕೆಂಬ ಹೋರಾಟ ನಡೆಯಲಿ, ಅದರಲ್ಲಿ ನಾವೂ ಇದ್ದೇವೆ. ಅದರ ಜೊತೆಗೆ, ಕುರ್ಚಿಯ ಸುತ್ತಲೇ ಕ್ಯಾಮರಾ ಸುತ್ತುವುದೇಕೆಂದೂ ಕೇಳೋಣ. ಚಿತ್ರ ನೋಡಿ ಹೊರಬಂದ ಹುಡುಗರಿಗೆ, ಹುಡುಗಿಯರಿಗೆ ನಮ್ಮ ಕಾರ್ಯಕರ್ತರು ಒಂದೇ ಪ್ರಶ್ನೆ ಹಾಕಲಿ: ಈ ಕಥೆಯ ಗುಟ್ಟು ಅಲ್ಲಿ ದುಡಿಯುವವರಿಗೆ ಮೊದಲೇ ಗೊತ್ತಿರಲಿಲ್ಲವೇ, ಗೊತ್ತಿದ್ದರೆ ಅವರನ್ನು ಯಾರೂ ಯಾಕೆ ಕೇಳಲಿಲ್ಲ? ಈ ಪ್ರಶ್ನೆ ರೂಢಿಯಾದರೆ ಅದು ಸಿನೆಮಾದ ಬಾಗಿಲಲ್ಲಿ ನಿಲ್ಲುವುದಿಲ್ಲ. ವಖಾರದ ಬಾಗಿಲಿಗೆ, ಸಕ್ಕರೆ ಕಾರ್ಖಾನೆಯ ಕಾಟಾದ ಬಳಿಗೆ, ಚಪ್ಪಲಿಯ ಲೆಕ್ಕ ಬರೆಯುವ ನಿಗಮದ ಮೇಜಿನವರೆಗೂ ಹೋಗುತ್ತದೆ. ಹೋಗಬೇಕಾದದ್ದೂ ಅಲ್ಲಿಗೇ.